ಮೂತ್ರದ ಟೆಸ್ಟ್ ಒಂದೇ ಸಾಕಾ, ಕ್ಯಾಮೆರಾ ಹಾಕಲೇಬೇಕಾ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ರಬಕವಿ-ಬನಹಟ್ಟಿಯಲ್ಲಿ ಇಪ್ಪತ್ತೈದು ವರ್ಷ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡಿದ್ದಾರೆ. ಬೀಡಿ ಸೇದುತ್ತಿದ್ದರು, ಬಿಟ್ಟು ಆರು ವರ್ಷ ಆಯಿತು. ಎರಡೂವರೆ ತಿಂಗಳ ಹಿಂದೆ ಒಂದು ಬೆಳಿಗ್ಗೆ ಮೂತ್ರ ಪೂರ್ತಿ ಕೆಂಪಗೆ ಬಂತು. ನೋವಿಲ್ಲ, ಉರಿಯಿಲ್ಲ. ಎರಡು ದಿನ ಹಾಗೇ ಇತ್ತು. ಊರಿನ ಡಾಕ್ಟರು ಸೋಂಕು ಇರಬಹುದು ಎಂದು ಐದು ದಿನದ ಮಾತ್ರೆ ಕೊಟ್ಟರು, ನಿಂತುಹೋಯಿತು. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಸ್ವಲ್ಪ ದೊಡ್ಡದಿದೆ, ಬೇರೇನೂ ಇಲ್ಲ ಎಂದು ಬಂದಿದೆ. ಹುಬ್ಬಳ್ಳಿಯ ಯುರಾಲಜಿಸ್ಟ್ ಕ್ಯಾಮೆರಾ ಹಾಕಿ ಒಳಗೆ ನೋಡಲೇಬೇಕು ಎನ್ನುತ್ತಾರೆ. ಅಪ್ಪ ಒಪ್ಪುತ್ತಿಲ್ಲ. ಉಷ್ಣ ಆಗಿತ್ತು, ಹೋಯಿತು ಎನ್ನುತ್ತಾರೆ. ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ ಮಾಡುವ ನೆಂಟರೊಬ್ಬರು ಈಗ ಮೂತ್ರದಲ್ಲೇ ಕ್ಯಾನ್ಸರ್ ಗುರುತು ಹಿಡಿಯುವ ಮಾಲಿಕ್ಯುಲರ್ ಟೆಸ್ಟ್ ಬಂದಿದೆ, ದುಡ್ಡು ಜಾಸ್ತಿ, ಆದರೆ ಕ್ಯಾಮೆರಾ ಬೇಡ ಎಂದಿದ್ದಾರೆ. ಅದನ್ನು ಮಾಡಿಸಿ ನೆಗೆಟಿವ್ ಬಂದರೆ ಸುಮ್ಮನಿರಬಹುದಾ? ನನ್ನ ಅಣ್ಣನಿಗೆ 34, ಸಿಗರೇಟ್ ಸೇದುತ್ತಾನೆ. ಅವನಿಗೂ ಮುಂಜಾಗ್ರತೆಗೆ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರ ಓದಿದಾಗ ನಿಮಗೆ ಎರಡು ಭಯ ಇದೆ ಅನ್ನಿಸಿತು. ಒಂದು, ಅಪ್ಪನಿಗೆ ಕ್ಯಾನ್ಸರ್ ಇರಬಹುದಾ ಎಂಬುದು. ಇನ್ನೊಂದು, ಒಪ್ಪದ ಮನುಷ್ಯನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ, ಅಲ್ಲಿ ಏನೂ ಸಿಗದಿದ್ದರೆ ಅವರು ಬೈಯುತ್ತಾರೆ ಎಂಬುದು. ಎರಡೂ ನಿಜವಾದ ಭಯಗಳೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಂದೆಗೆ ಕ್ಯಾಮೆರಾ ಪರೀಕ್ಷೆ, ಅಂದರೆ ಸಿಸ್ಟೋಸ್ಕೋಪಿ, ಬೇಕು. ಮೂತ್ರದ ಟೆಸ್ಟ್ ಅದರ ಜಾಗ ತುಂಬುವುದಿಲ್ಲ. ಅಣ್ಣನಿಗೆ ಈ ಟೆಸ್ಟ್ ಬೇಡ. ಹಾಗಂತ ಈ ಟೆಸ್ಟುಗಳೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಅವುಗಳ ಹಿಂದೆ ಒಳ್ಳೆಯ ವಿಜ್ಞಾನ ಇದೆ. ಯಾರಿಗೆ, ಯಾವಾಗ ಎಂಬುದರಲ್ಲಿ ಗೊಂದಲ ಇದೆ, ಅಷ್ಟೇ.

ಮೊದಲು ಆ ‘ಉಷ್ಣ’ದ ವಿಷಯ. ನಮ್ಮ ಕಡೆ ಮೂತ್ರ ಕೆಂಪಾದರೆ ಎಳನೀರು, ಬಾರ್ಲಿ ನೀರು, ಬಾಳೆದಿಂಡಿನ ರಸ ಶುರುವಾಗುತ್ತದೆ. ಎರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ. ಎಳನೀರಿಗೆ ಹೆಸರು ಬರುತ್ತದೆ! ಆದರೆ ಮೂತ್ರಕೋಶದ ಗಡ್ಡೆಯ ಸ್ವಭಾವವೇ ಹೀಗೆ. ಅದು ಒಳಗೋಡೆಯ ಮೇಲೆ ಸಣ್ಣ ಹೂಕೋಸಿನ ಹಾಗೆ ಬೆಳೆಯುತ್ತದೆ. ಅದರ ತುದಿಯ ಎಳೆಗಳು ಬಹಳ ನಾಜೂಕು. ಒಂದು ಎಳೆ ಹರಿದರೆ ರಕ್ತ ಬರುತ್ತದೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಮತ್ತೆ ಮೂರು ತಿಂಗಳೋ ಎಂಟು ತಿಂಗಳೋ ಏನೂ ಇರುವುದಿಲ್ಲ. ಮಾತ್ರೆ ನುಂಗಿದ ದಿನವೇ ನಿಂತರೆ ಮಾತ್ರೆಯಿಂದ ನಿಂತಿತು ಎಂದು ರೋಗಿಯೂ ನಂಬುತ್ತಾನೆ, ಕೆಲವು ಸಲ ಡಾಕ್ಟರೂ ನಂಬುತ್ತಾರೆ. ನಾನೂ ಹೊಸದರಲ್ಲಿ ನಂಬಿದ್ದೇನೆ. ಅಂಥ ಒಬ್ಬರು ಹತ್ತು ತಿಂಗಳ ಮೇಲೆ ತಿರುಗಿ ಬಂದಾಗ ಗಡ್ಡೆ ಚೀಲದ ಸ್ನಾಯುವಿಗೆ ಬೇರು ಇಳಿಸಿತ್ತು.

ನೋವಿಲ್ಲ ಎಂಬುದೂ ಸಮಾಧಾನದ ವಿಷಯ ಅಲ್ಲ. ಕಲ್ಲಿದ್ದರೆ ನೋವು ಬರುತ್ತದೆ, ಸೋಂಕಿದ್ದರೆ ಉರಿ, ಜ್ವರ ಬರುತ್ತದೆ. ಏನೂ ಇಲ್ಲದೆ ಬರೀ ರಕ್ತ ಬಂದರೆ ನಾವು ಯುರಾಲಜಿಯವರು ಜಾಸ್ತಿ ಎಚ್ಚರ ಆಗುತ್ತೇವೆ. ಬ್ರಿಟನ್ನಿನ 40 ಆಸ್ಪತ್ರೆಗಳಲ್ಲಿ ಮೂತ್ರದಲ್ಲಿ ರಕ್ತ ಬಂದ 3,500ಕ್ಕೂ ಹೆಚ್ಚು ಜನರನ್ನು ಒಂದು ಅಧ್ಯಯನದಲ್ಲಿ ಪರೀಕ್ಷೆ ಮಾಡಿದ್ದರು. ಕಣ್ಣಿಗೆ ಕಾಣುವಷ್ಟು ರಕ್ತ ಹೋಗಿದ್ದವರಲ್ಲಿ ನೂರಕ್ಕೆ ಸುಮಾರು 11 ಜನಕ್ಕೆ ಮೂತ್ರಕೋಶದ ಕ್ಯಾನ್ಸರ್ ಇತ್ತು. ಮೈಕ್ರೋಸ್ಕೋಪಿನಲ್ಲಿ ಮಾತ್ರ ರಕ್ತ ಕಂಡವರಲ್ಲಿ ಅದು ನೂರಕ್ಕೆ ಮೂರರ ಒಳಗೆ. ಅಂದರೆ ಕೆಂಪು ಮೂತ್ರ ಕಂಡ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಇದನ್ನು ನಿಮ್ಮ ತಂದೆಗೆ ಮೊದಲು ಹೇಳಿ. ಕ್ಯಾಮೆರಾ ಹಾಕುತ್ತೇವೆ ಅಂದರೆ ಕ್ಯಾನ್ಸರ್ ಇದೆ ಎಂದು ಅರ್ಥ ಅಲ್ಲ.

ಆದರೆ ನಿಮ್ಮ ತಂದೆ ಈ ಸರಾಸರಿ ಮನುಷ್ಯ ಅಲ್ಲ. ಅವರ ಪಾಲಿಗೆ ಮೂರು ವಿಷಯ ಭಾರವಾಗಿವೆ: ವಯಸ್ಸು, ಬೀಡಿ, ಬಣ್ಣ.

ಬೀಡಿ, ಸಿಗರೇಟು ಅಂದರೆ ಎಲ್ಲರಿಗೂ ಶ್ವಾಸಕೋಶ ನೆನಪಾಗುತ್ತದೆ. ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ತಂಬಾಕಿನ ಹೊಗೆ ಕಾರಣ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹೊಗೆಯಲ್ಲಿರುವ ಆರೊಮ್ಯಾಟಿಕ್ ಅಮೈನ್ ಎಂಬ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ, ಕಿಡ್ನಿ ಅವನ್ನು ಸೋಸಿ ಮೂತ್ರಕ್ಕೆ ಹಾಕುತ್ತದೆ. ಮೂತ್ರ ಮೂರು-ನಾಲ್ಕು ಗಂಟೆ ಚೀಲದಲ್ಲಿ ನಿಂತಿರುತ್ತದೆ. ಅಷ್ಟು ಹೊತ್ತೂ ಒಳಪದರ ಆ ವಿಷದಲ್ಲಿ ನೆನೆಯುತ್ತದೆ. ದಿನಾ, ವರ್ಷಗಟ್ಟಲೆ. ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ಆದರೆ ನಿಧಾನವಾಗಿ.

ಬಣ್ಣದ ಕಥೆ ಇದಕ್ಕಿಂತ ಹಳೆಯದು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲುಡ್ವಿಗ್ ರೇನ್ ಎಂಬ ಸರ್ಜನ್ ಮಜೆಂಟಾ ಬಣ್ಣ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆ ಕಂಡು, ಕೆಲಸಕ್ಕೂ ಕಾಯಿಲೆಗೂ ಸಂಬಂಧ ಇದೆ ಎಂದರು. ಆಮೇಲೆ ಜಪಾನಿನ ಕ್ಯೋಟೋದಲ್ಲಿ ಕಿಮೋನೋ ಬಟ್ಟೆಗೆ ಚಿತ್ರ ಬಿಡಿಸುವವರಲ್ಲೂ ಇದೇ ಕಂಡಿತು. ಅವರು ಕುಂಚದ ತುದಿಯನ್ನು ನಾಲಗೆಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಬೆಂಜಿಡಿನ್ ಎಂಬ ರಾಸಾಯನಿಕದಿಂದ ಮಾಡಿದ ಬಣ್ಣಗಳು ಮೈಯೊಳಗೆ ಹೋದರೆ ಒಡೆದು ಮತ್ತೆ ಬೆಂಜಿಡಿನ್ ಆಗುತ್ತವೆ. ಭಾರತ ಸರ್ಕಾರ ಇಂಥ ಬಣ್ಣಗಳನ್ನು 1990ರ ದಶಕದಲ್ಲಿ ನಿಷೇಧಿಸಿತು. ನಿಮ್ಮ ತಂದೆ ಅದಕ್ಕಿಂತ ಮೊದಲಿನ ವರ್ಷಗಳಲ್ಲೂ ಕೆಲಸ ಮಾಡಿದ್ದರೆ, ಬರಿಗೈಯಲ್ಲಿ ನೂಲಿನ ಲಡಿ ಅದ್ದಿದ್ದರೆ, ಅದು ಲೆಕ್ಕಕ್ಕೆ ಬರುತ್ತದೆ. ಈ ರಾಸಾಯನಿಕ ತಾಗಿದ ಮೇಲೆ ಗಡ್ಡೆ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷವೂ ಹಿಡಿಯಬಹುದು. ‘ಆ ಕೆಲಸ ಬಿಟ್ಟು ಬಹಳ ವರ್ಷ ಆಯಿತು’ ಎಂಬ ಮಾತು ಇಲ್ಲಿ ಸಮಾಧಾನ ಕೊಡುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಬಣ್ಣದ ಕೆಲಸದ ವಿಷಯ ನೀವಾಗಿಯೇ ಹೇಳಿ. ಒಪಿಡಿಯ ಗಡಿಬಿಡಿಯಲ್ಲಿ ನಾವು ಬೀಡಿ ಕೇಳುತ್ತೇವೆ, ಉದ್ಯೋಗ ಕೇಳಲು ಮರೆಯುತ್ತೇವೆ.

ಈಗ ನಿಮ್ಮ ನೆಂಟರು ಹೇಳಿದ ಟೆಸ್ಟಿಗೆ ಬರೋಣ.

ಮೂತ್ರದಲ್ಲಿ ಈ ಕ್ಯಾನ್ಸರ್ ಹುಡುಕುವ ಆಲೋಚನೆ ಹೊಸದಲ್ಲ, ಮತ್ತು ಬಹಳ ಸಹಜವಾದದ್ದು. ಗಡ್ಡೆ ಇರುವುದೇ ಮೂತ್ರದ ಚೀಲದೊಳಗೆ. ಅದರ ಜೀವಕೋಶಗಳು ಉದುರಿ ಮೂತ್ರದಲ್ಲಿ ಹೊರಗೆ ಬರುತ್ತವೆ. ಹಿಡಿದು ನೋಡಿದರಾಯಿತು, ಅಲ್ವಾ? ಹೆಂಗಸರಿಗೆ ಗರ್ಭಕೊರಳಿನ ಪ್ಯಾಪ್ ಟೆಸ್ಟ್ ಗೊತ್ತಿರುತ್ತದೆ. ಅದಕ್ಕೆ ಹೆಸರು ಕೊಟ್ಟ ಪಾಪನಿಕೊಲಾವ್ ಅವರೇ 1945ರಲ್ಲಿ ಮೂತ್ರದ ಜೀವಕೋಶಗಳನ್ನು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ವಿಧಾನ ಬರೆದರು. ಸೈಟಾಲಜಿ ಎನ್ನುವುದು ಅದನ್ನೇ. ಇವತ್ತಿಗೂ ಬಳಸುತ್ತೇವೆ. ಉಗ್ರ ಜಾತಿಯ ಗಡ್ಡೆಯಾದರೆ ಜೀವಕೋಶಗಳು ವಿಕಾರವಾಗಿರುತ್ತವೆ, ಪೆಥಾಲಜಿಸ್ಟಿನ ಕಣ್ಣಿಗೆ ಬೀಳುತ್ತವೆ. ಸೌಮ್ಯ ಜಾತಿಯ ಗಡ್ಡೆಯ ಜೀವಕೋಶಗಳು ನೋಡಲು ಒಳ್ಳೆಯವರಂತೆಯೇ ಇರುತ್ತವೆ, ಹೆಚ್ಚಿನವು ತಪ್ಪಿಸಿಕೊಳ್ಳುತ್ತವೆ. ಆದರೆ ಸೈಟಾಲಜಿ ‘ಇದೆ’ ಅಂದರೆ ಬಹುತೇಕ ಇದ್ದೇ ಇರುತ್ತದೆ. ಕಡಿಮೆ ಮಾತಾಡುವ, ಆಡಿದರೆ ಸುಳ್ಳಾಡದ ಹಿರಿಯರಿದ್ದ ಹಾಗೆ.

ಮಾಲಿಕ್ಯುಲರ್ ಮಾರ್ಕರ್‌ಗಳು, ಅಂದರೆ ಕ್ಯಾನ್ಸರ್‌ನ ಸುಳಿವು ಕೊಡುವ ಪ್ರೋಟೀನ್, ಜೀನ್ ಗುರುತುಗಳು, ಹುಟ್ಟಿದ್ದು ಈ ಕೊರತೆಯಿಂದಲೇ. ಜೀವಕೋಶದ ಮುಖ ನೋಡಿ ಗೊತ್ತಾಗದಿದ್ದರೆ ಅದರ ಜೇಬು ತಡಕೋಣ ಎಂಬ ಯೋಚನೆ.

ಮೊದಲು ಬಂದವು ಪ್ರೋಟೀನ್ ಹುಡುಕುವ ಟೆಸ್ಟ್‌ಗಳು. ಎನ್‌ಎಂಪಿ-22 ಎಂಬುದು ಜೀವಕೋಶದ ಒಳತಿರುಳಿನ ಒಂದು ಪ್ರೋಟೀನ್, ಕೋಶ ಸತ್ತಾಗ ಹೊರಗೆ ಸೋರುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯ ಹಾಗೆ ನಾಲ್ಕು ಹನಿ ಮೂತ್ರ ಹಾಕಿ ಅರ್ಧ ಗಂಟೆಯಲ್ಲಿ ಉತ್ತರ ನೋಡಬಹುದಾದ ಕಿಟ್ ಕೂಡ ಬಂತು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅಪಾಯ ಇದ್ದ 1,331 ಜನರನ್ನು ಪರೀಕ್ಷೆ ಮಾಡಿದರು. 79 ಜನಕ್ಕೆ ಕ್ಯಾನ್ಸರ್ ಇತ್ತು. ಕಿಟ್ ಹಿಡಿದದ್ದು ಅದರಲ್ಲಿ 44 ಜನರನ್ನು. ಸೈಟಾಲಜಿಗಿಂತ ಎಷ್ಟೋ ವಾಸಿ, ನಿಜ. ಆದರೆ 35 ಜನಕ್ಕೆ ‘ಏನೂ ಇಲ್ಲ’ ಎಂದಿತು. ಇನ್ನೊಂದು ಕಡೆ, ಕ್ಯಾನ್ಸರ್ ಇಲ್ಲದ ನೂರರಲ್ಲಿ ಸುಮಾರು 14 ಜನಕ್ಕೆ ‘ಇದೆ’ ಎಂದಿತು. ಕಲ್ಲು, ಸೋಂಕು, ಉರಿಯೂತ ಏನಿದ್ದರೂ ಜೀವಕೋಶ ಸಾಯುತ್ತವೆ, ಈ ಪ್ರೋಟೀನ್ ಸೋರುತ್ತದೆ. ನಮ್ಮ ಬಾಗಲಕೋಟೆ, ರಾಯಚೂರು, ಕಲಬುರಗಿಯ ಬಿಸಿಲಲ್ಲಿ ನೀರು ಕಡಿಮೆ ಕುಡಿದು ಕಲ್ಲು ಮಾಡಿಕೊಂಡವರು ಎಷ್ಟು ಜನ! ಅವರಿಗೆಲ್ಲ ಇದನ್ನು ಮಾಡಿದರೆ ಬರುವ ಗೊಂದಲ ನೀವೇ ಊಹಿಸಿ. ಬಿಟಿಎ ಎಂಬ ಇನ್ನೊಂದು ಟೆಸ್ಟಿಗೆ ಮೂತ್ರದಲ್ಲಿ ರಕ್ತ ಇದ್ದರೇ ತಪ್ಪು ಉತ್ತರ ಬರಬಹುದು. ರಕ್ತ ಬಂದವರಿಗೇ ಮಾಡಬೇಕಾದ ಟೆಸ್ಟಿಗೆ ಇದೆಂಥ ಕಷ್ಟ ನೋಡಿ.

ಆಮೇಲೆ ಕ್ರೋಮೋಸೋಮ್, ಅಂದರೆ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ ಎಳೆಗಳನ್ನು, ನೋಡುವ ಫಿಶ್ ಟೆಸ್ಟ್ ಬಂತು. ಮೀನಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಹೆಸರಿನ ಗಿಡ್ಡ ರೂಪ. 3, 7, 17ನೇ ಕ್ರೋಮೋಸೋಮ್‌ಗಳು ಲೆಕ್ಕಕ್ಕಿಂತ ಜಾಸ್ತಿ ಇವೆಯಾ, 9ನೆಯದರ ಒಂದು ತುಂಡು ಕಳೆದಿದೆಯಾ ಎಂದು ಹೊಳೆಯುವ ಬಣ್ಣಗಳಿಂದ ನೋಡುತ್ತಾರೆ. ಇದರಲ್ಲಿ ಒಂದು ವಿಚಿತ್ರ ಇದೆ. ಟೆಸ್ಟ್ ಪಾಸಿಟಿವ್ ಬಂದು, ಕ್ಯಾಮೆರಾದಲ್ಲಿ ಏನೂ ಕಾಣದೆ, ತಿಂಗಳುಗಳ ಮೇಲೆ ಗಡ್ಡೆ ಕಾಣಿಸಿಕೊಳ್ಳುವುದುಂಟು. ಹಾಗಾದರೆ ಟೆಸ್ಟ್ ಮೊದಲೇ ಹಿಡಿದ ಹಾಗಾಯಿತಲ್ಲ ಎನ್ನುತ್ತೀರಿ. ಹೌದು. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಆ ಹೊತ್ತಿಗೆ ನಮಗೂ ಹೇಳಲು ಬರುವುದಿಲ್ಲ. ಆ ರೋಗಿ ಮಾತ್ರ ಪ್ರತಿ ತಿಂಗಳೂ ನಿದ್ದೆಗೆಟ್ಟು ನಮ್ಮ ಮುಂದೆ ಕೂತಿರುತ್ತಾರೆ.

ಈಗಿನ ಹೊಸ ಟೆಸ್ಟ್‌ಗಳು ಇನ್ನೂ ಒಳಗೆ ಹೋಗುತ್ತವೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಸಿಎಕ್ಸ್‌ಬ್ಲ್ಯಾಡರ್ ಐದು ಜೀನ್‌ಗಳ ಆರ್‌ಎನ್‌ಎ, ಅಂದರೆ ಜೀನ್ ಕೆಲಸ ಮಾಡುವಾಗ ಹೊರಡಿಸುವ ಸಂದೇಶ, ಅಳೆಯುತ್ತದೆ. ಅದರ ಜಾಣತನ ಏನೆಂದರೆ, ಐದರಲ್ಲಿ ಒಂದು ಜೀನ್ ಉರಿಯೂತವನ್ನು ಗುರುತಿಸಲು ಇದೆ, ಕಲ್ಲು-ಸೋಂಕನ್ನು ಕ್ಯಾನ್ಸರ್ ಎಂದು ಕರೆಯದಿರಲಿ ಎಂದು. ಎಕ್ಸ್‌ಪರ್ಟ್ ಬ್ಲ್ಯಾಡರ್ ಎಂಬುದೂ ಐದು ಆರ್‌ಎನ್‌ಎ ನೋಡುತ್ತದೆ. ನಮ್ಮಲ್ಲಿ ಕ್ಷಯ ಪತ್ತೆಗೆ ಬಳಸುವ ಜೀನ್‌ಎಕ್ಸ್‌ಪರ್ಟ್ ಯಂತ್ರ ನೋಡಿದ್ದೀರಲ್ಲ, ಅದೇ ಯಂತ್ರದಲ್ಲಿ ಬೇರೆ ಕಾರ್ಟ್‌ರಿಜ್ ಹಾಕಿ ಮಾಡುವುದು. ಬ್ಲ್ಯಾಡರ್ ಎಪಿಚೆಕ್ ಡಿಎನ್‌ಎ ಮೇಲಿನ 15 ರಾಸಾಯನಿಕ ಗುರುತುಗಳನ್ನು ನೋಡುತ್ತದೆ. ಟರ್ಟ್, ಎಫ್‌ಜಿಎಫ್‌ಆರ್-3 ಮೊದಲಾದ ಜೀನ್‌ಗಳಲ್ಲಿ ತಪ್ಪು ಅಕ್ಷರ, ಅಂದರೆ ಡಿಎನ್‌ಎ ಬದಲಾವಣೆ, ಹುಡುಕುವವು ಇನ್ನೊಂದು ಗುಂಪು.

ಈ ಟರ್ಟ್ ಬಗ್ಗೆ ನನಗೆ ನಿಜಕ್ಕೂ ಕುತೂಹಲ ಇದೆ. ಇರಾನಿನ ಗೊಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಒಂದಿದೆ. ಅಲ್ಲಿ ಆರೋಗ್ಯವಾಗಿದ್ದಾಗ ತೆಗೆದಿಟ್ಟ ಮೂತ್ರವನ್ನು, ಮುಂದೆ ಮೂತ್ರಕೋಶದ ಕ್ಯಾನ್ಸರ್ ಬಂದವರದನ್ನು, ತೆಗೆದು ನೋಡಿದರು. ಹತ್ತಿರಹತ್ತಿರ ಅರ್ಧ ಜನರಲ್ಲಿ ಟರ್ಟ್ ಬದಲಾವಣೆ ಆಗಲೇ ಇತ್ತು. ಕೆಲವರಲ್ಲಿ ರೋಗ ಗೊತ್ತಾಗುವ ಹತ್ತು ವರ್ಷ ಮೊದಲೇ! ರೋಗ ಬರದವರಲ್ಲಿ ಅದು ಕಾಣಲಿಲ್ಲ. 2020ರ ಈ ವರದಿ ಓದಿದ ದಿನ ನಾನೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆದರೆ ನೋಡಿದ್ದು ಕೆಲವೇ ಹತ್ತು ರೋಗಿಗಳ ಮೂತ್ರ. ಅರ್ಧ ಜನರನ್ನು ಅದು ಹಿಡಿಯಲಿಲ್ಲ. ಹತ್ತು ವರ್ಷ ಮೊದಲು ಗೊತ್ತಾದರೆ ಆ ಮನುಷ್ಯನಿಗೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ನಾಯಿಗಳೂ ಈ ಕೆಲಸ ಮಾಡಿವೆ, ಇದು ನಗುವ ಮಾತಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ತರಬೇತಿ ಕೊಟ್ಟ ನಾಯಿಗಳು ಮೂತ್ರ ಮೂಸಿ 54ರಲ್ಲಿ 22 ಸಲ ಸರಿಯಾಗಿ ಗುರುತಿಸಿದವು. ಸುಮ್ನೆ ಊಹೆಗೆ ಬಿಟ್ಟಿದ್ದರೆ ಏಳರಲ್ಲಿ ಒಂದು ಸಿಗಬೇಕಿತ್ತು. ತರಬೇತಿಯ ವೇಳೆ ‘ಆರೋಗ್ಯವಂತ’ ಎಂದು ಸೇರಿಸಿದ್ದ ಒಬ್ಬರ ಮೂತ್ರದ ಮುಂದೆ ನಾಯಿಗಳು ಮತ್ತೆಮತ್ತೆ ನಿಲ್ಲುತ್ತಿದ್ದವು. ಅನುಮಾನ ಬಂದು ನೋಡಿದರೆ ಅವರ ಕಿಡ್ನಿಯಲ್ಲಿ ಗಡ್ಡೆ ಇತ್ತು. ಮೂತ್ರದಲ್ಲಿ ಸುಳಿವು ಇರುವುದು ಖಂಡಿತ. ಕಷ್ಟ ಇರುವುದು ಅದನ್ನು ಪ್ರತಿಸಲವೂ, ಎಲ್ಲರಲ್ಲೂ, ತಪ್ಪಿಲ್ಲದೆ ಓದುವುದರಲ್ಲಿ.

ಹಾಗಾದರೆ ನಿಮ್ಮ ತಂದೆಗೆ ಇದರಿಂದ ಏನು ಸಿಗುತ್ತದೆ? ಒಂದು ಲೆಕ್ಕ ಹಾಕೋಣ. ಇದು ಅರ್ಥವಾಗಲಿ ಎಂದು ನಾನು ಹಾಕಿದ ಲೆಕ್ಕ, ಯಾವ ಒಂದು ಟೆಸ್ಟಿನ ಅಂಕಿಯೂ ಅಲ್ಲ. ಒಳ್ಳೆಯ ಟೆಸ್ಟ್ ಎಂದೇ ಇಟ್ಟುಕೊಳ್ಳಿ. ರೋಗ ಇರುವ ನೂರು ಜನರಲ್ಲಿ 90 ಜನರನ್ನು ಹಿಡಿಯುತ್ತದೆ. ರೋಗ ಇಲ್ಲದ ನೂರರಲ್ಲಿ 85 ಜನಕ್ಕೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ, 15 ಜನರನ್ನು ಸುಮ್ಮಸುಮ್ಮನೆ ಹೆದರಿಸುತ್ತದೆ. ನಿಮ್ಮ ತಂದೆಯಂಥ ನೂರು ಜನರನ್ನು ನಿಲ್ಲಿಸಿ, 20 ಜನಕ್ಕೆ ರೋಗ ಇದೆ ಎಂದುಕೊಳ್ಳಿ. ಟೆಸ್ಟ್ 18 ಜನರನ್ನು ಹಿಡಿಯಿತು. ರೋಗ ಇಲ್ಲದ 80ರಲ್ಲಿ 12 ಜನಕ್ಕೂ ಪಾಸಿಟಿವ್ ಬಂತು. ಒಟ್ಟು 30 ಜನ. ಇವರಿಗೆಲ್ಲ ಮುಂದೇನು? ಕ್ಯಾಮೆರಾನೇ. ಗಡ್ಡೆ ಎಲ್ಲಿದೆ, ಎಷ್ಟಿದೆ, ಬೇರು ಇಳಿದಿದೆಯಾ ಎಂದು ಮೂತ್ರ ಹೇಳುವುದಿಲ್ಲ. ಉಳಿದ 70 ಜನ ನೆಗೆಟಿವ್ ಚೀಟಿ ಹಿಡಿದು ಖುಷಿಯಾಗಿ ಮನೆಗೆ ಹೋದರು. ಅವರಲ್ಲಿ 2 ಜನರ ಮೂತ್ರಕೋಶದಲ್ಲಿ ಗಡ್ಡೆ ಇದೆ.

70ರಲ್ಲಿ 2 ಅಂದರೆ ಕಡಿಮೆಯೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಇಬ್ಬರಿಗೆ ಆಗುವುದನ್ನು ನಾನು ಕಂಡಿದ್ದೇನೆ. ನೆಗೆಟಿವ್ ಚೀಟಿ ಜೇಬಿನಲ್ಲಿ ಇದ್ದವರು ಎರಡನೇ ಸಲ ರಕ್ತ ಬಂದರೂ ಬರುವುದಿಲ್ಲ. ‘ಅಷ್ಟು ದೊಡ್ಡ ಟೆಸ್ಟಿನಲ್ಲೇ ಇಲ್ಲ ಎಂದಾಗಿದೆ’ ಎನ್ನುತ್ತಾರೆ. ಮೂತ್ರಕೋಶದ ಗಡ್ಡೆ ಒಳಪದರದಲ್ಲಿದ್ದಾಗ ಸಿಕ್ಕರೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆಯಬಹುದು, ಚೀಲ ಉಳಿಯುತ್ತದೆ. ಸ್ನಾಯುವಿಗೆ ಇಳಿದ ಮೇಲೆ ಸಿಕ್ಕರೆ ಮಾತು ಚೀಲವನ್ನೇ ತೆಗೆಯುವುದು, ಕಿಮೋ, ರೇಡಿಯೇಷನ್ ಕಡೆಗೆ ಹೋಗುತ್ತದೆ. ಈ ವ್ಯತ್ಯಾಸವನ್ನು ಹತ್ತು ನಿಮಿಷದ ಪರೀಕ್ಷೆಯ ಮುಜುಗರದ ಪಕ್ಕ ಇಟ್ಟು ತೂಗಿ.

ಆ ಹತ್ತು ನಿಮಿಷದ ಬಗ್ಗೆ ನಿಮ್ಮ ತಂದೆಗೆ ಯಾರಾದರೂ ಬಿಡಿಸಿ ಹೇಳಿದ್ದಾರಾ? ನನ್ನ ಅನುಭವದಲ್ಲಿ ಗಂಡಸರು ಹೆದರುವುದು ನೋವಿಗಿಂತ ಹೆಚ್ಚಾಗಿ ನಾಚಿಕೆಗೆ. ಬಾಯಿಬಿಟ್ಟು ಹೇಳುವುದಿಲ್ಲ, ‘ಉಷ್ಣ’ ಎನ್ನುತ್ತಾರೆ. ಮಗಳಿಗಿಂತ ಮಗ, ಇಲ್ಲವೇ ಈ ಪರೀಕ್ಷೆ ಮಾಡಿಸಿಕೊಂಡ ಗೆಳೆಯರು ಮಾತಾಡಿದರೆ ಕೆಲಸ ಬೇಗ ಆಗುತ್ತದೆ. ಬಗ್ಗುವ ಸಿಸ್ಟೋಸ್ಕೋಪ್ ಪೆನ್ಸಿಲ್‌ಗಿಂತ ತೆಳು. ಮೂತ್ರದ ದಾರಿಗೆ ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವು ನಿಮಿಷ ಬಿಡುತ್ತಾರೆ. ಆಮೇಲೆ ಎಚ್ಚರ ಇರುವಾಗಲೇ ನೋಡುತ್ತಾರೆ. ಪ್ರಾಸ್ಟೇಟ್ ದಾಟುವಾಗ ಒಂದು ಕ್ಷಣ ಮೂತ್ರ ಒತ್ತಿ ಬಂದ ಹಾಗೆ ಆಗುತ್ತದೆ. ಎಲ್ಲ ಕಡೆ ಬಗ್ಗುವ ಸ್ಕೋಪ್ ಇರುವುದಿಲ್ಲ. ಗಟ್ಟಿ ಸ್ಕೋಪ್ ಆದರೆ ಬೆನ್ನಿಗೆ ಇಂಜೆಕ್ಷನ್ ಅಥವಾ ಸ್ವಲ್ಪ ಹೊತ್ತಿನ ಮಂಪರು ಕೊಡುತ್ತಾರೆ. ಯಾವುದು ಇದೆ ಎಂದು ಮೊದಲೇ ಕೇಳಿಕೊಳ್ಳಿ. ಅಪಾಯ ಇಲ್ಲವೇ ಇಲ್ಲ ಎಂದಲ್ಲ. ಒಂದೆರಡು ದಿನ ಉರಿ, ತಿಳಿಗೆಂಪು ಮೂತ್ರ ಇರುತ್ತದೆ. ಕೆಲವರಿಗೆ ಸೋಂಕು ಬರುತ್ತದೆ. ಪ್ರಾಸ್ಟೇಟ್ ದೊಡ್ಡದಿರುವವರಿಗೆ ಅಪರೂಪಕ್ಕೆ ಮೂತ್ರ ಕಟ್ಟುತ್ತದೆ. ಚಳಿ ಜ್ವರ ಬಂದರೆ, ಮೂತ್ರ ಹೋಗದಿದ್ದರೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ಸ್ಕ್ಯಾನಿಂಗ್ ನಾರ್ಮಲ್ ಬಂದಿದೆಯಲ್ಲ ಎಂಬುದು ಮುಂದಿನ ಪ್ರಶ್ನೆ. ಅಲ್ಟ್ರಾಸೌಂಡ್‌ಗೆ ಸಣ್ಣ ಗಡ್ಡೆ ತಪ್ಪುತ್ತದೆ. ಚೀಲ ಸರಿಯಾಗಿ ತುಂಬಿರದಿದ್ದರೆ ದೊಡ್ಡದೂ ತಪ್ಪಬಹುದು. ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡುವ ಒಂದು ಜಾತಿ ಇದೆ, ಅದು ಅಲ್ಟ್ರಾಸೌಂಡ್‌ಗೆ ಕಾಣುವುದೇ ಇಲ್ಲ. ಹೇಳಬೇಕಾದ ಇನ್ನೊಂದು ಮಾತು: ಆ ಚಪ್ಪಟೆ ಜಾತಿ ಕ್ಯಾಮೆರಾಕ್ಕೂ ಕೆಲವು ಸಲ ತಪ್ಪುತ್ತದೆ. ಅದಕ್ಕೇ ನಾವು ಕ್ಯಾಮೆರಾ ಜೊತೆ ಮೂತ್ರದ ಸೈಟಾಲಜಿಯನ್ನೂ ಕೇಳುತ್ತೇವೆ. ಅಂಥ ಕಡೆ ಸೈಟಾಲಜಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲಿನ ಕಿಡ್ನಿ, ಮೂತ್ರನಾಳ ನೋಡಲು ಸಿಟಿ ಯುರೋಗ್ರಾಮ್ ಎಂಬ ಸ್ಕ್ಯಾನ್ ಬೇಕಾಗಬಹುದು, ಅದಕ್ಕೆ ಮೊದಲು ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಾರೆ. ಸೈಟಾಲಜಿಗೆ ಮೂತ್ರ ಕೊಡುವಾಗ ಬೆಳಿಗ್ಗೆ ಎದ್ದ ಕೂಡಲೇ ಮಾಡಿದ್ದನ್ನು ಕೊಡಬೇಡಿ. ರಾತ್ರಿಯೆಲ್ಲ ನಿಂತ ಮೂತ್ರದಲ್ಲಿ ಜೀವಕೋಶಗಳು ಕೆಟ್ಟಿರುತ್ತವೆ. ಎರಡನೇ ಸಲದ್ದು ಒಳ್ಳೆಯದು.

ಹಾಗಾದರೆ ಈ ಮಾರ್ಕರ್ ಟೆಸ್ಟ್‌ಗಳು ಯಾರಿಗೆ? ಎರಡು ಕಡೆ ನನಗೆ ಅವುಗಳ ಉಪಯೋಗ ಕಾಣುತ್ತದೆ.

ಒಂದು, ಕಣ್ಣಿಗೆ ಕಾಣದ, ಮೈಕ್ರೋಸ್ಕೋಪಿನಲ್ಲಿ ಮಾತ್ರ ಸಿಕ್ಕ ರಕ್ತ. ಬೇರೆ ಕಾರಣಕ್ಕೆ ಮೂತ್ರ ಪರೀಕ್ಷೆ ಮಾಡಿಸಿದಾಗ ಕೆಂಪು ರಕ್ತಕಣ ಒಂದು ನೋಟಕ್ಕೆ ಮೂರೋ ನಾಲ್ಕೋ ಕಂಡಿರುತ್ತವೆ. ಅಂಥವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ, ಎಲ್ಲರಿಗೂ ಕ್ಯಾಮೆರಾ ಹಾಕುವುದು ಅತಿಯಾಗುತ್ತದೆ. ಅಮೆರಿಕದ ಯುರಾಲಜಿ ಸಂಘದ 2020ರ ಮಾರ್ಗಸೂಚಿ ಮೊದಲ ಹಂತದಲ್ಲಿ ಮಾರ್ಕರ್ ಬೇಡ ಎಂದಿತ್ತು. 2025ರ ತಿದ್ದುಪಡಿಯಲ್ಲಿ ಮಧ್ಯಮ ಅಪಾಯದವರು ಕ್ಯಾಮೆರಾ ಬೇಡ ಅಂದರೆ, ಸಣ್ಣ ಅಪಾಯ ಉಳಿಯುತ್ತದೆ ಎಂದು ತಿಳಿಸಿ, ಮಾರ್ಕರ್ ಅಥವಾ ಸೈಟಾಲಜಿ ನೋಡಿ ತೀರ್ಮಾನ ಮಾಡಬಹುದು ಎಂದು ಬಾಗಿಲು ತೆರೆದಿದ್ದಾರೆ. ಕಣ್ಣಿಗೆ ಕೆಂಪು ಕಂಡವರು ಈ ಬಾಗಿಲಿನ ಒಳಗೆ ಬರುವುದಿಲ್ಲ. ನಿಮ್ಮ ನೆಂಟರು ಈ ಸುದ್ದಿಯನ್ನೇ ಅರ್ಧ ಕೇಳಿರಬಹುದು.

ಎರಡು, ಗಡ್ಡೆ ತೆಗೆದ ಮೇಲಿನ ಕಾವಲು. ಈ ಕಾಯಿಲೆಗೆ ಮರಳಿ ಬರುವ ಚಾಳಿ ಇದೆ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮತ್ತೆ ಬರುತ್ತದೆ. ಉಗ್ರ ಜಾತಿಯಾದರೆ ಎರಡು ವರ್ಷ ಪ್ರತಿ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕ್ಯಾಮೆರಾ. ಸೌಮ್ಯ ಜಾತಿಯವರಿಗೆ ನಡುವಿನ ಕೆಲವು ಕ್ಯಾಮೆರಾಗಳ ಬದಲು ಮಾರ್ಕರ್ ಬಳಸುವುದು ಯೋಗ್ಯ ಆಲೋಚನೆ. ಉಗ್ರ ಜಾತಿಯವರಿಗೆ ಬದಲಿಯಾಗಿ ಬೇಡ, ಜೊತೆಗೆ ಇರಲಿ. ಇವರಿಗೆ ಮೂತ್ರಕೋಶಕ್ಕೆ ಬಿಸಿಜಿ ಹಾಕಿರುತ್ತೇವೆ. ಹೌದು, ಮಕ್ಕಳಿಗೆ ತೋಳಿಗೆ ಹಾಕುವ ಅದೇ ಲಸಿಕೆ. 1976ರಲ್ಲಿ ಕೆನಡಾದ ಆಲ್ವರೊ ಮೊರಾಲೆಸ್ ಇದನ್ನು ಮೂತ್ರಕೋಶದಲ್ಲಿ ಬಳಸಿದ ವರದಿ ಬರೆದರು, ಇವತ್ತಿಗೂ ಅದೇ ಮುಖ್ಯ ಔಷಧ. ಬಿಸಿಜಿ ಒಳಗೆ ಉರಿಯೂತ ಎಬ್ಬಿಸುತ್ತದೆ, ಆಗ ಕೆಲವು ಮಾರ್ಕರ್‌ಗಳು ತಪ್ಪು ಹೇಳುತ್ತವೆ. ಯಾವಾಗ ಮಾಡಿಸಬೇಕು ಎಂದು ಲ್ಯಾಬ್ ಅಲ್ಲ, ಚಿಕಿತ್ಸೆ ಕೊಡುವ ಡಾಕ್ಟರು ಹೇಳಬೇಕು.

ಅಣ್ಣನ ವಿಷಯ. 34 ವರ್ಷ, ರಕ್ತ ಬಂದಿಲ್ಲ. ಅವನಂಥ ಸಾವಿರ ಜನರಲ್ಲಿ ಒಬ್ಬನಿಗೆ ಈ ರೋಗ ಇದೆ ಎಂದು ಇಟ್ಟುಕೊಂಡರೂ, ಅದೂ ಜಾಸ್ತಿಯೇ ಹೇಳುತ್ತಿದ್ದೇನೆ, ಮೇಲಿನ ಅದೇ ಟೆಸ್ಟ್ ಆ ಒಬ್ಬನ ಜೊತೆ 150 ಜನರನ್ನು ಹೆದರಿಸುತ್ತದೆ. 150 ಜನಕ್ಕೂ ಕ್ಯಾಮೆರಾ, ಸಿಟಿ, ಸಾಲ, ಮನೆಯಲ್ಲಿ ಅಳು. ಲಕ್ಷಣ ಇಲ್ಲದವರಿಗೆ ಈ ಕ್ಯಾನ್ಸರ್ ಹುಡುಕುವುದರಿಂದ ಲಾಭ ಇದೆಯೇ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ತಪಾಸಣಾ ಸಲಹಾ ಮಂಡಳಿ 2011ರಲ್ಲಿ ಹೇಳಿತು. ನನ್ನ ತೀರ್ಮಾನವೂ ಅದೇ. ಆ ದುಡ್ಡನ್ನು ಅವನು ಸಿಗರೇಟ್ ಬಿಡುವುದಕ್ಕೆ, ಬೇಕಾದರೆ ನಿಕೋಟಿನ್ ಚೂಯಿಂಗ್ ಗಮ್‌ಗೆ ಖರ್ಚು ಮಾಡಲಿ.

ಮತ್ತೆ ಅಪ್ಪನ ಕಡೆಗೆ. ಅವರಿಗೆ ಇರುವ ದಾರಿ ನೋಡಿ. ಕ್ಯಾಮೆರಾ, ಸೈಟಾಲಜಿ, ಸಿಟಿ ಮೂರೂ ಆದರೆ ವಾರ ಹತ್ತು ದಿನದಲ್ಲಿ ಗೊತ್ತಾಗುತ್ತದೆ. ಗಡ್ಡೆ ಕಂಡರೆ ಅದನ್ನು ಮೂತ್ರದ ದಾರಿಯಿಂದಲೇ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ‘ಕತ್ತರಿ ತಾಗಿದರೆ ಹರಡುತ್ತದೆ’ ಎಂಬ ಹೆದರಿಕೆ ಬೇಡ, ಇಲ್ಲಿ ತೆಗೆಯುವುದೇ ಮೊದಲ ಚಿಕಿತ್ಸೆ. ಖರ್ಚಿನ ಚಿಂತೆ ಇದ್ದರೆ, ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗಲು ಆಗುವುದಾದರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ ಎರಡೂ ಸರ್ಕಾರಿ ಸಂಸ್ಥೆಗಳೇ.

ಎಷ್ಟು ಹೇಳಿದರೂ ಅವರು ಕ್ಯಾಮೆರಾಕ್ಕೆ ಒಪ್ಪಲಿಲ್ಲ ಎನ್ನಿ. ಆಗ ಏನೂ ಮಾಡದಿರುವುದಕ್ಕಿಂತ ಮೂರು ದಿನ ಸೈಟಾಲಜಿ ಮಾಡಿಸಿ, ಸಿಟಿ ಮಾಡಿಸಿ. ಕೈಯಲ್ಲಿ ದುಡ್ಡಿದ್ದರೆ ಮಾರ್ಕರ್ ಟೆಸ್ಟನ್ನೂ ಮಾಡಿಸಿ. ಪಾಸಿಟಿವ್ ಬಂದರೆ ಅದೇ ಅವರನ್ನು ಒಪ್ಪಿಸಬಹುದು, ಹಾಗೆ ಒಪ್ಪಿದವರನ್ನು ಕಂಡಿದ್ದೇನೆ. ನೆಗೆಟಿವ್ ಬಂದರೆ ಆ ಚೀಟಿಯನ್ನು ಅವರ ಕೈಗೆ ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಮಾಡಿಸುವುದಿದ್ದರೆ ಸೋಂಕು ಇಲ್ಲ ಎಂದು ಖಚಿತ ಮಾಡಿಕೊಂಡು, ಯಾವ ಮಾರ್ಕರ್ ಎಂದು ಹೆಸರು ಬರೆಸಿಕೊಂಡು ಮಾಡಿಸಿ. ಬರೀ ‘ಮಾಲಿಕ್ಯುಲರ್ ಟೆಸ್ಟ್’ ಎಂದರೆ ಅದು ಮೇಲೆ ಹೇಳಿದ ಎನ್‌ಎಂಪಿ ಪಟ್ಟಿಯೋ, ಹೊಸ ಜೀನ್ ಟೆಸ್ಟೋ ಗೊತ್ತಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಿಎಸ್ಎ ವರದಿಯನ್ನೇ ತಂದು ‘ಕ್ಯಾನ್ಸರ್ ಟೆಸ್ಟ್ ನಾರ್ಮಲ್ ಇದೆ’ ಎನ್ನುತ್ತಾರೆ. ಅದು ಪ್ರಾಸ್ಟೇಟಿನ ರಕ್ತಪರೀಕ್ಷೆ, ಮೂತ್ರಕೋಶದ ಬಗ್ಗೆ ಒಂದಕ್ಷರವೂ ಹೇಳುವುದಿಲ್ಲ.

ಅವರು ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಸಿಸ್ಟೋಸ್ಕೋಪಿಗೆ ಮೊದಲು ಡಾಕ್ಟರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆಯಿಂದಲೇ ರಕ್ತ ಬಂದಿರಬಹುದು ಎಂದು ಪರೀಕ್ಷೆ ತಪ್ಪಿಸುವುದೂ ಬೇಡ. ಎಷ್ಟೋ ಸಲ ಗಡ್ಡೆ ಬೇಗ ಸಿಕ್ಕಿಬೀಳುವುದು ಆ ಮಾತ್ರೆ ರಕ್ತ ಹರಿಸಿದ್ದರಿಂದಲೇ.

ಇನ್ನೊಂದು ಕೆಲಸ ನಿಮ್ಮ ತಂದೆಗೇ ವಹಿಸಿ. ಅವರ ಜೊತೆ ಬಣ್ಣದ ಹಂಡೆಯ ಮುಂದೆ ನಿಂತವರು ಊರಲ್ಲಿ ಇನ್ನೂ ಇರುತ್ತಾರಲ್ಲ, ಅವರಲ್ಲಿ ಯಾರಿಗಾದರೂ ಯಾವತ್ತಾದರೂ ಮೂತ್ರ ಕೆಂಪಾಗಿತ್ತಾ ಎಂದು ಕೇಳಿ ನೋಡಲಿ. ಹೌದು ಎಂದವರನ್ನೂ ಹುಬ್ಬಳ್ಳಿಗೆ ಜೊತೆಯಲ್ಲೇ ಕರೆದುಕೊಂಡು ಬರಲಿ. ಜೊತೆಗೆ ಇನ್ನೊಬ್ಬರು ಇದ್ದರೆ ನಿಮ್ಮ ತಂದೆ ಬಸ್ಸು ಹತ್ತುವುದೂ ಸುಲಭ.